ಮ್ಯಾರಥಾನ್ ಹಂತದಲ್ಲಿ ಹೊಟ್ಟೆ ಉಬ್ಬುತ್ತಿದ್ದದ್ದು ಸರಿಹೋದದ್ದು ಹೀಗೆ
ಐರನ್‌ಮ್ಯಾನ್ ಟ್ರಯಥ್ಲಾನ್‌ನಲ್ಲಿ (ಈಜು, ಸೈಕಲ್, ಓಟ ಒಂದರ ಹಿಂದೆ ಒಂದು) 180 ಕಿ.ಮೀ. ಸೈಕಲ್ ಇಳಿದು 42.2 ಕಿ.ಮೀ. ಓಡುವಾಗ, ಅರ್ಧ ದಾರಿಯಲ್ಲಿ ಹೊಟ್ಟೆ ಉಬ್ಬಿ ಎನರ್ಜಿ ಜೆಲ್ (ಶಕ್ತಿಗೆ ನುಂಗುವ ಸಕ್ಕರೆಯ ಗಟ್ಟಿ ಪಾಕ) ವಾಪಸ್ ಬರುತ್ತಿತ್ತು. ತಪ್ಪು ಜೆಲ್‌ನದಲ್ಲ, ಅದರ ಜತೆ ಕುಡಿಯುತ್ತಿದ್ದ ಸ್ಪೋರ್ಟ್ಸ್ ಡ್ರಿಂಕ್‌ನದು. ಸಕ್ಕರೆಯ ಮೇಲೆ ಸಕ್ಕರೆ ಬಿದ್ದರೆ ಹೊಟ್ಟೆ ಬೇಗ ಖಾಲಿಯಾಗುವುದಿಲ್ಲ, ಕರುಳು ಮೈಯ ನೀರನ್ನೇ ಎಳೆದುಕೊಳ್ಳುತ್ತದೆ.

ಈಗ ಜೆಲ್‌ಗೆ ಬರೀ ನೀರು, ನಾಲ್ಕೈದು ಗುಟುಕು. 25 ಗ್ರಾಂ ಕಾರ್ಬೊಹೈಡ್ರೇಟ್ ಇರುವ ಪ್ಯಾಕೆಟ್‌ನ ಮೂಲೆ ಹರಿದು, ಅರ್ಧ ಹಿಂಡಿ, ಬಾಯಿ ಮಡಚಿ ಬೆಲ್ಟಿಗೆ ಸಿಕ್ಕಿಸುವುದು. ಉಳಿದದ್ದು 15 ನಿಮಿಷ ಬಿಟ್ಟು. ಹೀಗೆ ಪ್ರತಿ 15 ನಿಮಿಷಕ್ಕೆ ಅರ್ಧ ಪ್ಯಾಕೆಟ್, ಗಂಟೆಗೆ 50 ಗ್ರಾಂ ಆಯಿತು. ಸೈಕಲ್‌ನ ಕೊನೆಯ ಅರ್ಧ ಗಂಟೆ ಗಟ್ಟಿ ಆಹಾರ ಬಂದ್.

ಓಟದ ಮೊದಲ 5 ಕಿ.ಮೀ. ಗುರಿಗಿಂತ ಕಿ.ಮೀ.ಗೆ 15 ಸೆಕೆಂಡ್ ನಿಧಾನ. ಸೈಕಲ್ ಇಳಿದ ಕಾಲಿಗೆ ವೇಗದ ಅಂದಾಜೇ ಇರುವುದಿಲ್ಲ, ವಾಚ್ ನೋಡಿ. ಆದರೂ ಹೊಟ್ಟೆ ಉಬ್ಬಿದರೆ ನಡೆಯುತ್ತ ನೀರು ಮಾತ್ರ. ತೇಗು ಬಂದಮೇಲೆ ಓಟ.