ಚಿತ್ರನಟಿಯೊಬ್ಬರ ವೃತ್ತಿಬದುಕನ್ನು ದಾಖಲಿಸುವುದು ಹೇಗೆ?

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಅದರ ನಾಯಕಿ ತ್ರಿಪುರಾಂಬ. ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲವಾದ್ದರಿಂದ ಆಕೆ ತೆರೆಯ ಮೇಲೆ ಹೇಗೆ ಮಾತಾಡಿದರು, ಹೇಗೆ ಅತ್ತರು ಎಂಬುದನ್ನು ನಾವು ಇನ್ನು ನೋಡಲಾರೆವು. ಹೆಸರಾದರೂ ಉಳಿದಿರುವುದು ಯಾರೋ ಬರೆದಿಟ್ಟದ್ದರಿಂದ. ನಾಯಕನಟರ ಚಿತ್ರಗಳ ಪಟ್ಟಿಯನ್ನು ಅಭಿಮಾನಿಗಳೇ ಜೋಪಾನ ಮಾಡಿಕೊಂಡು ಬರುತ್ತಾರೆ. ಆದರೆ ತಾಯಿ, ಅತ್ತಿಗೆ, ನಾದಿನಿ, ಪಕ್ಕದಮನೆಯ ಹೆಂಗಸು ಎಂದು ಮೂವತ್ತು ನಲವತ್ತು ವರ್ಷ ಬಣ್ಣ ಹಚ್ಚಿ, ಆಮೇಲೆ ಧಾರಾವಾಹಿಗಳಿಗೆ ಬಂದ ನಟಿಯರ ಕೆಲಸಕ್ಕೆ ಲೆಕ್ಕವಿಟ್ಟವರು ಬಹಳ ಕಡಿಮೆ. ಅಂಥ ಕಲಾವಿದೆಯೊಬ್ಬರ ವೃತ್ತಿಬದುಕನ್ನು ಕ್ರಮವಾಗಿ ದಾಖಲಿಸಬೇಕೆನ್ನುವವರಿಗಾಗಿ, ನಾನು ಈ ಕೆಲಸ ಮಾಡುತ್ತಾ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಜಯಂತಿಯವರು ಹುಟ್ಟಿದಾಗ ಕಮಲಾಕುಮಾರಿ, ಕಲ್ಪನಾ ಶರತ್‌ಲತಾ, ಸೌಂದರ್ಯ ಅವರು ಸೌಮ್ಯ. ಇವರೆಲ್ಲ ಹೆಸರಾಂತರಾದ್ದರಿಂದ ಎರಡೂ ಹೆಸರುಗಳು ನಮಗೆ ಗೊತ್ತು. ಪೋಷಕ ನಟಿಯರ ವಿಷಯದಲ್ಲಿ ಹಾಗಲ್ಲ. ಒಂದು ಟೈಟಲ್ ಕಾರ್ಡಿನಲ್ಲಿ ‘ಕುಮಾರಿ’ ಎಂಬ ವಿಶೇಷಣದೊಂದಿಗೆ, ಇನ್ನೊಂದರಲ್ಲಿ ಊರಿನ ಹೆಸರಿನೊಂದಿಗೆ, ಮದುವೆಯಾದ ಮೇಲೆ ಗಂಡನ ಹೆಸರಿನೊಂದಿಗೆ ಒಬ್ಬರೇ ಮೂರು ಬಗೆಯಾಗಿ ಕಾಣಿಸಿಕೊಳ್ಳುತ್ತಾರೆ. ಇದಕ್ಕೆ ತದ್ವಿರುದ್ಧವಾಗಿ ಒಂದೇ ಹೆಸರಿನ ಇಬ್ಬರೂ ಇರುತ್ತಾರೆ. ಹೀಗೆಯೇ ನಾನೊಮ್ಮೆ ಇಬ್ಬರು ಕಲಾವಿದೆಯರ ಚಿತ್ರಗಳನ್ನು ಒಂದೇ ಪಟ್ಟಿಗೆ ಸೇರಿಸಿಬಿಟ್ಟಿದ್ದೆ. ಪಟ್ಟಿಯನ್ನು ನೋಡಿದ ಅವರಲ್ಲೊಬ್ಬರ ಮಗಳು, “ಈ ಪಿಕ್ಚರ್ ಅಮ್ಮಂದಲ್ಲ ಸಾರ್, ಆ ವರ್ಷ ನಾನು ಹುಟ್ಟಿದ್ದು, ಅಮ್ಮ ಮನೇಲೇ ಇದ್ರು” ಎಂದರು. ಅಂದಿನಿಂದ ಚಿತ್ರವನ್ನೋ ಸ್ಥಿರಚಿತ್ರವನ್ನೋ ಕಣ್ಣಾರೆ ನೋಡಿ ಮುಖವನ್ನು ಗುರುತಿಸದೆ, ಬರಿಯ ಹೆಸರಿನ ಆಧಾರದ ಮೇಲೆ ನಾನು ಏನನ್ನೂ ಸೇರಿಸುವುದಿಲ್ಲ. ನೀವೂ ಸೇರಿಸಬೇಡಿ.

ಕಲಾವಿದೆ ಬದುಕಿದ್ದರೆ ಗ್ರಂಥಾಲಯಕ್ಕಿಂತ ಮೊದಲು ಅವರ ಮನೆಗೆ ಹೋಗಿ. ಉದ್ಯಮದಲ್ಲಿ ಹಿರಿಯ ನಟಿಯರನ್ನು ಎಲ್ಲರೂ ‘ಅಮ್ಮ’ ಎಂದೇ ಕರೆಯುವುದು ರೂಢಿ. ನೀವೂ ಹಾಗೆಯೇ ಕರೆದರೆ ಮಾತು ಸಲೀಸಾಗುತ್ತದೆ. “ಆ ಚಿತ್ರ ಯಾವ ವರ್ಷದ್ದಮ್ಮ?” ಎಂದು ಕೇಳಿದರೆ ಉತ್ತರ ತಪ್ಪಾಗುವ ಸಂಭವವೇ ಹೆಚ್ಚು. ಆಗ ಯಾವ ಮನೆಯಲ್ಲಿದ್ದಿರಿ, ಮಗು ಎಷ್ಟನೆಯ ಕ್ಲಾಸಿನಲ್ಲಿತ್ತು, ಶೂಟಿಂಗಿಗೆ ಮದ್ರಾಸಿಗೆ ಹೋಗುತ್ತಿದ್ದಿರೋ ಬೆಂಗಳೂರಿನಲ್ಲೇ ನಡೆಯುತ್ತಿತ್ತೋ ಎಂದು ಕೇಳಿ. ವರ್ಷ ತಾನಾಗಿ ಹತ್ತಿರಕ್ಕೆ ಬರುತ್ತದೆ. ಆಲ್ಬಂ ತೋರಿಸಿದಾಗ ಫೋಟೊವನ್ನು ಮಾತ್ರ ನೋಡದೆ, ಅನುಮತಿ ಕೇಳಿ ಅದರ ಬೆನ್ನನ್ನೂ ನೋಡಿ. ಸ್ಟುಡಿಯೊದ ಮುದ್ರೆಯೋ ಪೆನ್ಸಿಲಿನಲ್ಲಿ ಗೀಚಿದ ಚಿತ್ರದ ಹೆಸರೋ ಅಲ್ಲಿರುತ್ತದೆ. ನಾನು ಕಂಡ ದಾಖಲೆಗಳಲ್ಲೆಲ್ಲ ಅತ್ಯಮೂಲ್ಯವಾದದ್ದು ಒಬ್ಬ ಪೋಷಕ ನಟಿಯ ಅಂಗೈಯಗಲದ ಡೈರಿ. ಪ್ರತಿ ದಿನಕ್ಕೆ ಒಂದೇ ಸಾಲು: ಕಂಪನಿಯ ಹೆಸರು, ಮೇಕಪ್ಪಿಗೆ ಕೂರಬೇಕಾದ ಹೊತ್ತು, ಕೆಳಗೆ ‘ಹಸಿರು ಸೀರೆ, ಸ್ವಂತದ್ದು, ಕೆಂಪು ಬಳೆ’. ಮುಂದಿನ ವಾರ ಅದೇ ದೃಶ್ಯದ ಉಳಿದ ಭಾಗ ತೆಗೆಯುವಾಗ ಕಂಟಿನ್ಯೂಟಿ ತಪ್ಪಬಾರದೆಂದು ಅವರು ತಮಗಾಗಿ ಬರೆದುಕೊಂಡದ್ದು ಅದು. ಯಾವ ಪತ್ರಿಕೆಯಲ್ಲಿಯೂ ಸುಳಿವಿಲ್ಲದ ಆರು ಚಿತ್ರಗಳು ನನಗೆ ಆ ಡೈರಿಯಿಂದ ಸಿಕ್ಕವು. ಡೈರಿಯನ್ನಾಗಲಿ ಫೋಟೊಗಳನ್ನಾಗಲಿ ಮನೆಯಿಂದ ಹೊರಗೆ ಒಯ್ಯಬೇಡಿ. ಅಲ್ಲೇ ಕಿಟಕಿಯ ಬೆಳಕಿನಲ್ಲಿ ಮೊಬೈಲಿನಿಂದ ಚಿತ್ರ ತೆಗೆದುಕೊಂಡು, ಇದ್ದ ಕ್ರಮದಲ್ಲೇ ಹಿಂದಿರುಗಿಸಿ.

ಅನಂತರ ಅಚ್ಚಿನ ಸಾಕ್ಷ್ಯ. ಟಾಕೀಸುಗಳ ಮುಂದೆ ಚಿಲ್ಲರೆ ಕಾಸಿಗೆ ಮಾರುತ್ತಿದ್ದ ಹಾಡಿನ ಪುಸ್ತಕಗಳಲ್ಲಿ ಪಾತ್ರವರ್ಗ, ತಾಂತ್ರಿಕ ವರ್ಗ, ಕಥಾಸಾರಾಂಶ ಎಲ್ಲವೂ ಇರುತ್ತಿದ್ದವು. ಹಳೆಯ ಪುಸ್ತಕದಂಗಡಿಗಳಲ್ಲಿ ತಾಳ್ಮೆಯಿಂದ ಹುಡುಕಿದರೆ ಇವು ಈಗಲೂ ದೊರೆಯುತ್ತವೆ. ‘ರೂಪತಾರಾ’, ‘ವಿಜಯಚಿತ್ರ’ದಂಥ ಸಿನಿಮಾ ಪತ್ರಿಕೆಗಳ ಹಳೆಯ ಸಂಚಿಕೆಗಳು, ದಿನಪತ್ರಿಕೆಗಳ ಶುಕ್ರವಾರದ ಜಾಹೀರಾತುಗಳು ಬಿಡುಗಡೆಯ ದಿನಾಂಕಕ್ಕೆ ಒಳ್ಳೆಯ ಆಧಾರ. ಮುಹೂರ್ತದ ಸುದ್ದಿಯನ್ನು ಮಾತ್ರ ನಂಬಬಾರದು, ಏಕೆಂದರೆ ಮುಹೂರ್ತ ಮುಗಿಸಿ ನಿಂತುಹೋದ ಚಿತ್ರಗಳು, ನಡುವೆ ನಟಿಯೇ ಬದಲಾದ ಚಿತ್ರಗಳು ಕಡಿಮೆಯಿಲ್ಲ.

ವರ್ಷವನ್ನು ಬರೆಯುವಾಗ ಯಾವ ವರ್ಷವೆಂಬುದನ್ನು ಸ್ಪಷ್ಟಪಡಿಸಬೇಕು. ಉಮಾಶ್ರೀಯವರ ‘ಗುಲಾಬಿ ಟಾಕೀಸ್’ ಇದಕ್ಕೆ ಒಳ್ಳೆಯ ನಿದರ್ಶನ. ಗಿರೀಶ ಕಾಸರವಳ್ಳಿಯವರ ಆ ಚಿತ್ರ ಪ್ರೇಕ್ಷಕರಿಗೆ ದೊರೆತದ್ದು 2008ರಲ್ಲಿ. ಉಮಾಶ್ರೀಯವರಿಗೆ ಸಂದ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ 2007ನೇ ಸಾಲಿನದು. ಅದು ಘೋಷಣೆಯಾದದ್ದು 2009ರಲ್ಲಿ. ಮೂರೂ ನಿಜ. ರಾಷ್ಟ್ರಪ್ರಶಸ್ತಿಗೆ ಸೆನ್ಸಾರ್ ಪ್ರಮಾಣಪತ್ರದ ವರ್ಷವೇ ಲೆಕ್ಕವಾದ್ದರಿಂದ ಹೀಗಾಗುತ್ತದೆ. ಚಿತ್ರದ ಆರಂಭದಲ್ಲಿ ತೋರಿಸುವ ಆ ಪ್ರಮಾಣಪತ್ರವನ್ನು ನಿಲ್ಲಿಸಿ ಓದಿ, ದಿನಾಂಕವನ್ನು ಬರೆದುಕೊಳ್ಳಿ. ಪಟ್ಟಿಯಲ್ಲಿ ಬಿಡುಗಡೆಯ ವರ್ಷವನ್ನಿಟ್ಟು ಉಳಿದವನ್ನು ಟಿಪ್ಪಣಿಯಾಗಿ ಸೇರಿಸಿ.

ಉಮಾಶ್ರೀಯವರ ಬದುಕು ಇನ್ನೊಂದು ಎಚ್ಚರವನ್ನೂ ಕಲಿಸುತ್ತದೆ. ಅವರನ್ನು 1984ರ ‘ಅನುಭವ’ದಿಂದ, ಎನ್.ಎಸ್. ರಾವ್ ಅವರೊಂದಿಗಿನ ಹಾಸ್ಯ ದೃಶ್ಯಗಳಿಂದ ಮಾತ್ರ ಬಲ್ಲವರು ರಂಗಭೂಮಿಯ ಸಾಕವ್ವನನ್ನು ಮರೆಯುತ್ತಾರೆ. ದೇವನೂರ ಮಹಾದೇವರ ‘ಒಡಲಾಳ’ದ ಆ ಮುದುಕಿಯ ಪಾತ್ರವನ್ನು ಬಿಟ್ಟು ಬರೆದ ಪಟ್ಟಿ, ‘ಗುಲಾಬಿ ಟಾಕೀಸ್’ನ ಗುಲಾಬಿ ಎಲ್ಲಿಂದ ಬಂದಳೆಂಬುದನ್ನು ಹೇಳಲಾರದು. ಆಮೇಲೆ ತೇರದಾಳ ಕ್ಷೇತ್ರದ ಶಾಸಕಿ, 2013ರಿಂದ 2018ರವರೆಗೆ ಸಚಿವೆ, 2021ರ ಡಿಸೆಂಬರಿನಲ್ಲಿ ಆರಂಭವಾದ ಜೀ ಕನ್ನಡದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಪುಟ್ಟಕ್ಕ. ನಾಟಕ, ಚಲನಚಿತ್ರ, ಕಿರುತೆರೆಗಳನ್ನು ಬೇರೆ ಬೇರೆ ಪಟ್ಟಿಗಳಾಗಿಸುವುದು ಓದುಗರಿಗೆ ಅನುಕೂಲವೇ ಹೌದು; ಆದರೆ ಅವುಗಳ ಜೊತೆಗೆ ವರ್ಷಾನುಕ್ರಮದಲ್ಲಿ ಎಲ್ಲವನ್ನೂ ಕೂಡಿಸಿದ ಇನ್ನೊಂದು ಪುಟ ಇರಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಚಿತ್ರಗಳಿಲ್ಲದ ವರ್ಷಗಳಲ್ಲಿ ಕಲಾವಿದೆ ಸುಮ್ಮನೆ ಕೂತಿರಲಿಲ್ಲ ಎಂಬುದು ಆ ಪುಟದಲ್ಲಿ ಮಾತ್ರ ಕಾಣುತ್ತದೆ.

ಕಂಠದಾನಕ್ಕೆ ಪ್ರತ್ಯೇಕ ವಿಭಾಗ ಮಾಡಿ. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರು ಮಾಧವಿಯವರೂ ಸೇರಿದಂತೆ ಹಲವು ನಾಯಕಿಯರಿಗೆ ದನಿಯಾಗಿದ್ದಾರೆ. ತೆರೆಯ ಮೇಲೆ ಅವರ ಮುಖವಿಲ್ಲವೆಂದು ಆ ಚಿತ್ರಗಳನ್ನು ಕೈಬಿಟ್ಟರೆ ಅವರ ಅರ್ಧ ದುಡಿಮೆಯನ್ನು ಕೈಬಿಟ್ಟಂತೆ. ಮಾತಾಡಿದವರು ಬೇರೆಯವರೆಂದು ಖಚಿತವಾಗಿ ತಿಳಿದಾಗ ನಟಿಯ ಪಟ್ಟಿಯಲ್ಲೂ ಅದನ್ನು ನಮೂದಿಸುವುದು ನ್ಯಾಯ.

ಬೇರೆ ಭಾಷೆಗಳ ಕೆಲಸವನ್ನು ಎಣಿಸುವಾಗಲೂ ಎಚ್ಚರ ಬೇಕು. 1955ರ ‘ಮಹಾಕವಿ ಕಾಳಿದಾಸ’ದಿಂದ ಆರಂಭಿಸಿದ ಬಿ. ಸರೋಜಾದೇವಿಯವರು ತಮಿಳು, ತೆಲುಗು, ಹಿಂದಿಗಳಲ್ಲೂ ನಾಯಕಿಯಾದವರು. ಅಂಥವರ ಪಟ್ಟಿಯಲ್ಲಿ ಎರಡು ಭಾಷೆಗಳಲ್ಲಿ ಪ್ರತ್ಯೇಕವಾಗಿ ಚಿತ್ರೀಕರಿಸಿದ್ದು ಎರಡು ಚಿತ್ರ. ಡಬ್ ಆಗಿ ಹೋದದ್ದು ಒಂದೇ ಚಿತ್ರ.

ಕಿರುತೆರೆಯ ದಾಖಲೆ ಸಿನಿಮಾಕ್ಕಿಂತ ಕಷ್ಟ. ಬೆಂಗಳೂರು ದೂರದರ್ಶನ 1981ರಲ್ಲಿ ಆರಂಭವಾಯಿತು, ಉದಯ ಟಿವಿ 1994ರಲ್ಲಿ, ಈಟಿವಿ ಕನ್ನಡ 2000ದಲ್ಲಿ. ಈಟಿವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡವಾಯಿತು. ಆದ್ದರಿಂದ 2005ರ ಧಾರಾವಾಹಿಯ ಮುಂದೆ ಕಲರ್ಸ್ ಎಂದು ಬರೆಯದೆ, ಪ್ರಸಾರದ ಕಾಲದಲ್ಲಿದ್ದ ಹೆಸರನ್ನೇ ಬರೆಯಬೇಕು. ದೂರದರ್ಶನದ ವಾರಕ್ಕೊಮ್ಮೆಯ ಧಾರಾವಾಹಿಗಳು ಹದಿಮೂರು ಕಂತುಗಳ ಲೆಕ್ಕದಲ್ಲಿ ಸಾಗುತ್ತಿದ್ದರೆ ದೈನಿಕ ಧಾರಾವಾಹಿಗಳು ನೂರಾರು ಕಂತುಗಳನ್ನು ದಾಟುತ್ತವೆ, ಮತ್ತು ಅಷ್ಟರಲ್ಲಿ ಒಂದೇ ಪಾತ್ರಕ್ಕೆ ಇಬ್ಬರು ಮೂವರು ಬಂದು ಹೋಗಿರುತ್ತಾರೆ. ಶೀರ್ಷಿಕೆ ಗೀತೆಯಲ್ಲಿ ಮುಖ್ಯ ಕಲಾವಿದರಷ್ಟೇ ಕಾಣಿಸುವುದರಿಂದ, ಅತ್ತೆಯ ಪಾತ್ರವನ್ನು ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಯಾರು ಮಾಡಿದರೆಂಬುದಕ್ಕೆ ಕಂತುಗಳನ್ನೇ ನೋಡಬೇಕು, ಇಲ್ಲವೇ ಕಾಲ್‌ಶೀಟಿನ ಡೈರಿ, ಸಂಭಾವನೆಯ ಚೀಟಿಗಳನ್ನು ಅವಲಂಬಿಸಬೇಕು. ಪಾತ್ರದ ಹೆಸರಿನ ಎದುರು ಆ ಅವಧಿಯನ್ನು ತಪ್ಪದೆ ದಾಖಲಿಸಿ; ಮೊದಲು ಮಾಡಿದವರಿಗೂ ನಂತರ ಬಂದವರಿಗೂ ಅವರವರ ಪಾಲು ಸಲ್ಲಲಿ.

ಮದುವೆ, ಮನಸ್ತಾಪ, ಕಾಯಿಲೆಗಳ ಬಗ್ಗೆ ಹಳೆಯ ಪತ್ರಿಕೆಗಳಲ್ಲಿ ಗಾಸಿಪ್ ಬಹಳ ಸಿಗುತ್ತದೆ. ಅದನ್ನು ಬಿಡಿ. ಕೆಲಸ ನಿಂತ ಕಾರಣವನ್ನು ಕಲಾವಿದೆ ತಾವಾಗಿ ಹೇಳಿ, ಬರೆಯಲು ಒಪ್ಪಿದರೆ ಮಾತ್ರ ಅವರ ಮಾತಿನಲ್ಲೇ ಸೇರಿಸಿ.

ಕೊನೆಗೆ ದಪ್ಪಕ್ಷರದಲ್ಲಿ, ಸಾಲುಗಳ ನಡುವೆ ಧಾರಾಳ ಜಾಗ ಬಿಟ್ಟು ಒಂದು ಪ್ರತಿ ಮುದ್ರಿಸಿ, ಒಂದು ಪೆನ್ನಿನೊಂದಿಗೆ ಅವರ ಕೈಗೆ ಕೊಟ್ಟು ಬನ್ನಿ. ಎರಡು ವಾರ ಬಿಟ್ಟು ಹೋಗಿ ಕೇಳಿ. ಅವರು ಹೊಡೆದುಹಾಕಿದ್ದು, ಅಂಚಿನಲ್ಲಿ ಸೇರಿಸಿದ್ದು, ಸಹನಟಿಯರನ್ನು ಕೇಳಿ ಬರೆಸಿದ್ದು ಎಲ್ಲವನ್ನೂ ದಿನಾಂಕದೊಂದಿಗೆ ನಿಮ್ಮ ಪಟ್ಟಿಗೆ ಏರಿಸಿ, ಅವರ ಕೈಬರಹದ ಆ ಹಾಳೆಗಳನ್ನು ಮೂಲಪ್ರತಿಯೆಂದೇ ತೆಗೆದಿಡಿ.