ಸೆನ್ಸರ್ ಮೊದಲು ಮಷೀನಿಗೆ, ಮೈಗೆ ಕೊನೆಗೆ: ಸಣ್ಣ ಕಾರ್ಖಾನೆಗೆ ಸ್ಮಾರ್ಟ್ ಉಪಕರಣ ಹಾಕಿಸುವುದು ಹೇಗೆ?

ಯಾವ ಕೈಗಾರಿಕಾ ಮೇಳಕ್ಕೆ ಹೋದರೂ ಈಗ ಸ್ಮಾರ್ಟ್ ಹೆಲ್ಮೆಟ್, ಸ್ಮಾರ್ಟ್ ವಾಚ್, ಸ್ಮಾರ್ಟ್ ಕನ್ನಡಕದ ಸ್ಟಾಲುಗಳೇ ಜಾಸ್ತಿ. ಡೆಮೊ ನೋಡುವಾಗ ಎಲ್ಲವೂ ಬೇಕು ಅನ್ನಿಸುತ್ತದೆ. ಆದರೆ ಪೀಣ್ಯದಲ್ಲೋ, ಶಿವಮೊಗ್ಗದ ಮಾಚೇನಹಳ್ಳಿಯಲ್ಲೋ ಏಳೆಂಟು ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸುವ) ಮಷೀನು, ಒಂದು ಏರ್ ಕಂಪ್ರೆಸರ್, ಹತ್ತಿಪ್ಪತ್ತು ಕೆಲಸಗಾರರನ್ನು ಇಟ್ಟುಕೊಂಡು ಜಾಬ್ ವರ್ಕ್ ಮಾಡುವವರಿಗೆ ಇವುಗಳಲ್ಲಿ ಯಾವುದು ಉಪಯೋಗಕ್ಕೆ ಬರುತ್ತದೆ? ಎಲ್ಲಿಂದ ಶುರು ಮಾಡಬೇಕು?

ನನ್ನ ಸಲಹೆ ಇಷ್ಟೇ. ಮೈಮೇಲೆ ತೊಡುವ ಉಪಕರಣ ಕೊನೆಗೆ. ಮೊದಲು ಮಷೀನಿಗೆ ಹಾಕಿ.

ದೊಡ್ಡ ಕಂಪನಿಗಳ ಕಥೆ ನೋಡಿದರೂ ಇದು ಅರ್ಥವಾಗುತ್ತದೆ. 2015ರಲ್ಲಿ ಸರಕು ಸಾಗಿಸುವ ಡಿಎಚ್‌ಎಲ್ ಕಂಪನಿ ನೆದರ್ಲೆಂಡ್ಸ್‌ನ ಒಂದು ಗೋದಾಮಿನಲ್ಲಿ ಸ್ಮಾರ್ಟ್ ಕನ್ನಡಕದ ಪ್ರಯೋಗ ಮಾಡಿತು. ಯಾವ ರ್‍ಯಾಕಿನಿಂದ ಯಾವ ಮಾಲು ಎಷ್ಟು ತೆಗೆಯಬೇಕು ಅನ್ನುವುದು ಕಣ್ಣೆದುರಿಗೇ ಕಾಣುತ್ತಿತ್ತು. ಕೈಯಲ್ಲಿ ಪಟ್ಟಿ ಹಿಡಿದು ಓಡಾಡುವುದು ತಪ್ಪಿತು. ಕೆಲಸದ ವೇಗ ಶೇ 25ರಷ್ಟು ಹೆಚ್ಚಿತು ಎಂದು ಕಂಪನಿ ಹೇಳಿಕೊಂಡಿತು. ಫೋರ್ಡ್ 2018ರಲ್ಲಿ ತಲೆಯ ಮೇಲೆ ಕೈ ಎತ್ತಿ ಬೋಲ್ಟ್ ಬಿಗಿಯುವವರಿಗೆ ತೋಳಿಗೆ ಆಸರೆ ಕೊಡುವ ಜಾಕೆಟ್‌ಗಳನ್ನು ತಂದು, 7 ದೇಶಗಳ 15 ಕಾರ್ಖಾನೆಗಳಿಗೆ ಕೊಟ್ಟಿತು. ಎರಡೂ ಕಡೆ ತೊಂದರೆ ಏನು ಅನ್ನುವುದು ಮೊದಲೇ ಗೊತ್ತಿತ್ತು. ಒಂದು ಕಡೆ ಕೈ ಖಾಲಿ ಇರಲಿಲ್ಲ, ಇನ್ನೊಂದು ಕಡೆ ಭುಜ ಸೋಲುತ್ತಿತ್ತು. ಇಷ್ಟು ನಿರ್ದಿಷ್ಟವಾದ ತೊಂದರೆ ಕೈಯಲ್ಲಿಲ್ಲದೆ ಉಪಕರಣ ಕೊಂಡರೆ ಅದು ಡ್ರಾಯರ್ ಸೇರುತ್ತದೆ. ಅಷ್ಟು ಸದ್ದು ಮಾಡಿದ್ದ ಗೂಗಲ್ ಗ್ಲಾಸ್ ಅನ್ನುವ ಸ್ಮಾರ್ಟ್ ಕನ್ನಡಕ ಕೂಡ ಸಾಮಾನ್ಯ ಜನರಿಗೆ ಹಿಡಿಸಲಿಲ್ಲ. ಕಂಪನಿಗಳಿಗೆಂದೇ ಮಾಡಿದ ಮಾದರಿಯ ಮಾರಾಟವನ್ನೂ 2023ರ ಮಾರ್ಚ್‌ನಲ್ಲಿ ನಿಲ್ಲಿಸಿದರು.

ಹೆಜ್ಜೆ 1: ದಿನಾ ಜಗಳ ಆಗುವುದು ಯಾವುದಕ್ಕೆ?

ಸೂಪರ್‌ವೈಸರ್‌ನ ಕೂರಿಸಿಕೊಂಡು ಇದನ್ನು ಕೇಳಿ. ಹೆಚ್ಚು ಕಡಿಮೆ ಎಲ್ಲ ಕಡೆ ಉತ್ತರ ಒಂದೇ ತರಹ ಇರುತ್ತದೆ. ನೈಟ್ ಶಿಫ್ಟ್‌ನಲ್ಲಿ ಮಷೀನ್ ಓಡಿತ್ತಾ, ನಿಂತಿತ್ತಾ? ಕರೆಂಟ್ ಬಿಲ್ ಯಾಕೆ ಇಷ್ಟು ಬಂತು? ಲಾಗ್ ಬುಕ್ ತೆಗೆದರೆ ಮಷೀನ್ ನಿಂತ ಕಾರಣ ಅನ್ನುವ ಕಡೆ ಬರೀ ‘ಪವರ್ ಕಟ್’ ಅಂತ ಇರುತ್ತದೆ. ಶಿಫ್ಟ್ ಮುಗಿಯುವ ಹೊತ್ತಿಗೆ ಒಟ್ಟಿಗೆ ಬರೆದ ಪುಟ ಅದು, ಶಾಯಿ ನೋಡಿದರೇ ಗೊತ್ತಾಗುತ್ತದೆ.

ಒಂದೇ ಒಂದು ಪ್ರಶ್ನೆ ಆರಿಸಿ. ಎರಡು ಬೇಡ.

ಹೆಜ್ಜೆ 2: ದುಡ್ಡು ಖರ್ಚು ಮಾಡದೆ ಒಮ್ಮೆ ಅಳೆಯಿರಿ

ಉಪಕರಣ ಮಾರುವವರು ಯಾರೂ ಇದನ್ನು ಹೇಳಿಕೊಡುವುದಿಲ್ಲ. ಕಂಪ್ರೆಸರನ್ನೇ ತೆಗೆದುಕೊಳ್ಳಿ. ಗಾಳಿ ಪುಕ್ಕಟೆ, ಆದರೆ ಒತ್ತಿ ತುಂಬಿದ ಗಾಳಿ ಪುಕ್ಕಟೆ ಅಲ್ಲ. ಸರಿಯಾಗಿ ನೋಡಿಕೊಳ್ಳದ ಕಡೆ ಐದರಲ್ಲಿ ಒಂದು ಪಾಲು, ಕೆಲವೊಮ್ಮೆ ಅದಕ್ಕೂ ಜಾಸ್ತಿ ಗಾಳಿ ಪೈಪಿನ ಜಾಯಿಂಟು, ಹಳೆಯ ಹೋಸು, ಸಡಿಲ ಕಪ್ಲಿಂಗ್‌ಗಳಲ್ಲೇ ಸೋರಿಹೋಗುತ್ತದೆ. ಶೆಡ್ಡಿನ ಗದ್ದಲದಲ್ಲಿ ಆ ಬುಸ್ ಶಬ್ದ ಯಾರ ಕಿವಿಗೂ ಬೀಳುವುದಿಲ್ಲ.

ಭಾನುವಾರ ಬೆಳಿಗ್ಗೆ ಎಲ್ಲ ಮಷೀನ್ ಆಫ್ ಮಾಡಿ. ಮಷೀನಿಗೆ ಹೋಗುವ ಗಾಳಿ ಲೈನ್ ತೆರೆದೇ ಇರಲಿ. ಕಂಪ್ರೆಸರ್ ಮಾತ್ರ ಓಡಿಸಿ, ಫೋನಿನ ಸ್ಟಾಪ್‌ವಾಚ್ ಹಿಡಿದು ಪಕ್ಕದಲ್ಲಿ ನಿಲ್ಲಿ. ಗಾಳಿ ಬಳಸುವವರು ಯಾರೂ ಇಲ್ಲ. ಸೋರಿಕೆ ಇಲ್ಲದಿದ್ದರೆ ಒಮ್ಮೆ ಒತ್ತಡ ತುಂಬಿದ ಮೇಲೆ ಕಂಪ್ರೆಸರ್ ಮತ್ತೆ ಲೋಡ್ ಆಗಬಾರದು, ಅಂದರೆ ಗಾಳಿ ತುಂಬಲು ಶುರು ಮಾಡಬಾರದು, ಅಲ್ವಾ? ಆದರೆ ಆಗುತ್ತದೆ. ಎಷ್ಟು ಹೊತ್ತು ಲೋಡ್‌ನಲ್ಲಿತ್ತು, ಎಷ್ಟು ಹೊತ್ತು ಅನ್‌ಲೋಡ್‌ನಲ್ಲಿತ್ತು (ಗಾಳಿ ತುಂಬದೆ ಇತ್ತು) ಅಂತ ನಾಲ್ಕೈದು ಸುತ್ತು ಬರೆದುಕೊಂಡು ಸರಾಸರಿ ತೆಗೆಯಿರಿ. ಲೋಡ್ ಸಮಯವನ್ನು 100ರಿಂದ ಗುಣಿಸಿ, ಎರಡೂ ಸಮಯದ ಮೊತ್ತದಿಂದ ಭಾಗಿಸಿ. 2 ನಿಮಿಷ ಲೋಡ್, 8 ನಿಮಿಷ ಅನ್‌ಲೋಡ್ ಬಂದರೆ ಸೋರಿಕೆ ಶೇ 20. ಅಂದರೆ 100 ಸಿಎಫ್‌ಎಂ (ನಿಮಿಷಕ್ಕೆ 100 ಘನ ಅಡಿ ಗಾಳಿ ಕೊಡುವ) ಕಂಪ್ರೆಸರ್‌ನಲ್ಲಿ 20 ಸಿಎಫ್‌ಎಂ ಸುಮ್ನೆ ಹೋಗುತ್ತಿದೆ. ಇನ್ನು ಸೋಪು ನೀರು ಹಚ್ಚಿ ಗುಳ್ಳೆ ಏಳುವ ಜಾಗ ಹುಡುಕುವುದು. ಇದಕ್ಕೆ ಯಾವ ಆ್ಯಪೂ ಬೇಕಿಲ್ಲ.

ಮತ್ತೆ ಸೆನ್ಸರ್ ಯಾಕೆ? ಸೋರಿಕೆ ಒಮ್ಮೆ ಮುಚ್ಚಿದರೆ ಮುಗಿಯಲಿಲ್ಲ, ಎರಡು ತಿಂಗಳಲ್ಲಿ ಇನ್ನೊಂದು ಕಡೆ ಬಾಯಿ ಬಿಡುತ್ತದೆ. ಪ್ರತಿ ಭಾನುವಾರ ನಿಂತು ನೋಡುವವರು ಯಾರು? ಆ ಕೆಲಸ ಸೆನ್ಸರ್‌ಗೆ.

ಹೆಜ್ಜೆ 3: ಒಂದು ಮಷೀನಿಗೆ ಕಟ್ಟಿ

ಮಷೀನ್ ಓಡುತ್ತಿದೆಯಾ ಇಲ್ಲವಾ ಅಂತ ತಿಳಿಯಲು ಮಷೀನಿನ ಕಂಟ್ರೋಲರ್‌ಗೆ ಕೈ ಹಾಕಬೇಕಾಗಿಲ್ಲ. ಅದು ಎಷ್ಟು ಕರೆಂಟ್ ಎಳೆಯುತ್ತಿದೆ ಅಂತ ನೋಡಿದರೆ ಸಾಕು. ಇದಕ್ಕೆ ಬಳಸುವುದು ಸಿಟಿ ಕ್ಲ್ಯಾಂಪ್. ಬಟ್ಟೆ ಕ್ಲಿಪ್ಪಿನ ಹಾಗೆ ಬಾಯಿ ತೆರೆದು ತಂತಿಗೆ ಕಚ್ಚಿಸುವ ಸೆನ್ಸರ್, ತಂತಿ ಕತ್ತರಿಸುವ ಕೆಲಸವೇ ಇಲ್ಲ. ಕ್ಲ್ಯಾಂಪ್ ಕೊಡುವ ಸಂಕೇತವನ್ನು ಓದಿ ವೈಫೈ ಮೂಲಕ ಕಳಿಸಲು ಇಎಸ್‌ಪಿ32 ತರಹದ ಪುಟ್ಟ ಬೋರ್ಡ್ ಸಾಕು. ಬೆಲೆ ಕೆಲವು ನೂರು ರೂಪಾಯಿ. ಯೂನಿಟ್ ಲೆಕ್ಕವೂ ಪಕ್ಕಾ ಬೇಕು ಅನ್ನುವವರು ಆರ್‌ಎಸ್‌-485 ಪೋರ್ಟ್ (ಅಂಕಿಗಳನ್ನು ತಂತಿಯಲ್ಲಿ ಹೊರಗೆ ಕಳಿಸುವ ಕಿಂಡಿ) ಇರುವ ಎನರ್ಜಿ ಮೀಟರ್ ಹಾಕಿಸಿ.

ಪ್ಯಾನಲ್ ತೆರೆಯುವ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೇ ಬಿಡಿ, ಮೇನ್ ಆಫ್ ಮಾಡಿಸಿಯೇ ಮಾಡಿಸಿ. ಪಕ್ಕದಲ್ಲಿ ನಿಂತು ನೀವು ನೋಡಬೇಕಾದದ್ದು ಇಷ್ಟು.

ಕ್ಲ್ಯಾಂಪ್ ಒಂದೇ ಫೇಸಿನ ತಂತಿಯ ಸುತ್ತ ಇರಬೇಕು. ಇಡೀ ಕೇಬಲ್ ಸುತ್ತ ಹಾಕಿದರೆ ಮಷೀನ್ ಭರ್ತಿ ಓಡುತ್ತಿದ್ದರೂ ಸೊನ್ನೆಯ ಹತ್ತಿರವೇ ತೋರಿಸುತ್ತದೆ. ಹೋಗುವ ಕರೆಂಟು, ಬರುವ ಕರೆಂಟು ಒಂದನ್ನೊಂದು ಅಳಿಸಿಹಾಕುವುದೇ ಕಾರಣ. ಸೆನ್ಸರ್ ಕೆಟ್ಟಿದೆ ಅಂತ ವಾಪಸ್ ಕಳಿಸುವ ಮುಂಚೆ ಇದನ್ನು ನೋಡಿ. ಎರಡನೆಯದು, ಪ್ಯಾನಲ್ ಕಬ್ಬಿಣದ ಡಬ್ಬಿ. ಬೋರ್ಡನ್ನು ಒಳಗಿಟ್ಟು ಬಾಗಿಲು ಹಾಕಿದರೆ ಸಿಗ್ನಲ್ ಸಾಯುತ್ತದೆ, ಆಂಟೆನಾ ಹೊರಗೆ ಬರಲಿ. ಮೂರನೆಯದು, ಬೋರ್ಡಿಗೂ ರೂಟರ್‌ಗೂ ಯುಪಿಎಸ್‌ನಿಂದ ಕರೆಂಟ್ ಕೊಡಿ. ಆಗ ನಿಜವಾದ ಪವರ್ ಕಟ್ ಯಾವುದು, ಲಾಗ್ ಬುಕ್ಕಿನ ಪವರ್ ಕಟ್ ಯಾವುದು ಅಂತ ಬೇರೆಯಾಗಿ ಗೊತ್ತಾಗುತ್ತದೆ.

ಹಾಕಿದ ಮೇಲೆ ಒಂದು ದಿನ ಆಪರೇಟರ್ ಜೊತೆ ನಿಂತು ಮೂರು ಸ್ಥಿತಿಯ ಅಳತೆ ಬರೆದುಕೊಳ್ಳಿ. ಮಷೀನ್ ಆಫ್ ಇದ್ದಾಗ ಎಷ್ಟು, ಆನ್ ಇದ್ದು ಸುಮ್ಮನೆ ನಿಂತಾಗ ಎಷ್ಟು, ಕಟಿಂಗ್ ನಡೆಯುವಾಗ ಎಷ್ಟು. ಸುಮ್ಮನೆ ನಿಂತಾಗಲೂ ಹೈಡ್ರಾಲಿಕ್ ಪಂಪು, ಫ್ಯಾನು, ಕಂಟ್ರೋಲರ್ ಕರೆಂಟ್ ತಿನ್ನುತ್ತಲೇ ಇರುತ್ತವೆ. ಈ ನಡುವಿನ ಸ್ಥಿತಿ ದಿನಕ್ಕೆ ಎಷ್ಟು ಗಂಟೆ ಇತ್ತು ಅನ್ನುವುದೇ ನೀವು ಹುಡುಕುತ್ತಿದ್ದ ಉತ್ತರ.

ಹೆಜ್ಜೆ 4: ನೆಟ್‌ವರ್ಕ್

ಇಎಸ್‌ಪಿ32 ತರಹದ ಹೆಚ್ಚಿನ ಬೋರ್ಡ್‌ಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು. ರೂಟರ್ ಕೊಳ್ಳುವಾಗ ನೆನಪಿರಲಿ. ಶೆಡ್ಡು ದೊಡ್ಡದಿದ್ದರೆ, ನೀರಿನ ಟ್ಯಾಂಕು, ಡೀಸೆಲ್ ಜನರೇಟರ್ ದೂರ ಇದ್ದರೆ ಲೋರಾ ಅನ್ನುವ, ದೂರ ಮುಟ್ಟುವ ರೇಡಿಯೊ ಪದ್ಧತಿ ಇದೆ. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಇಂಥ ಉಪಕರಣಕ್ಕೆ ಲೈಸೆನ್ಸ್ ಬೇಕಿಲ್ಲ. ಸೆನ್ಸರ್ ಮಾತು ಸರ್ವರ್‌ಗೆ ಮುಟ್ಟಿಸಲು ಹೆಚ್ಚಾಗಿ ಬಳಸುವುದು ಎಂಕ್ಯೂಟಿಟಿ. 1999ರಲ್ಲಿ ತೈಲದ ಪೈಪ್‌ಲೈನ್‌ಗಳ ಮೇಲೆ ಕಣ್ಣಿಡಲು ಹುಟ್ಟಿದ ಪದ್ಧತಿ ಇದು. ನೆಟ್‌ವರ್ಕ್ ಹೋಗಿ ಬಂದು ಮಾಡುವ ಕಡೆಯೂ ಹೊಂದಿಕೊಳ್ಳುತ್ತದೆ.

ಡಬ್ಬಿಯ ಜೊತೆ ಬಂದ ಪಾಸ್‌ವರ್ಡನ್ನು ಅವತ್ತೇ ಬದಲಾಯಿಸಿ. 2016ರಲ್ಲಿ ಮಿರಾಯ್ ಅನ್ನುವ ದುಷ್ಟ ಪ್ರೋಗ್ರಾಂ ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ವಶಕ್ಕೆ ತೆಗೆದುಕೊಂಡು ದೊಡ್ಡ ದೊಡ್ಡ ವೆಬ್‌ಸೈಟ್‌ಗಳನ್ನೇ ಮಲಗಿಸಿತ್ತು. ಸೆನ್ಸರ್‌ಗಳಿಗೆ ಬೇರೆ ವೈಫೈ, ಬಿಲ್ಲಿಂಗ್ ಕಂಪ್ಯೂಟರ್‌ಗೆ ಬೇರೆ ವೈಫೈ ಇರಲಿ.

ಹೆಜ್ಜೆ 5: ಯಾರ ಫೋನ್ ಬಡಿದುಕೊಳ್ಳಬೇಕು?

ಇಲ್ಲೇ ಅರ್ಧ ಜನ ಕೈಬಿಡುವುದು. ಗೋಡೆಗೆ ದೊಡ್ಡ ಟಿವಿ ಹಾಕಿ ಬಣ್ಣಬಣ್ಣದ ಗ್ರಾಫ್ ಬಿಡುತ್ತಾರೆ. ಮೊದಲ ವಾರ ಎಲ್ಲರೂ ನೋಡುತ್ತಾರೆ, ಆಮೇಲೆ ಯಾರೂ ತಲೆ ಎತ್ತುವುದಿಲ್ಲ. ಅದರ ಬದಲು ಒಂದೇ ಸಂದೇಶ ಸಾಕು: ‘3ನೇ ಮಷೀನ್ 15 ನಿಮಿಷದಿಂದ ನಿಂತಿದೆ’. ಅದು ಮೊದಲು ಲೈನಿನ ಸೂಪರ್‌ವೈಸರ್‌ಗೆ ಹೋಗಲಿ, ಮಾಲೀಕರಿಗಲ್ಲ. ಮಾಲೀಕರಿಗೆ ನೇರ ಹೋದರೆ ಫೋನು, ಕೂಗಾಟ, ಆಮೇಲೆ ಸೆನ್ಸರ್ ತಂತಿ ತಾನಾಗಿಯೇ ಕಿತ್ತುಬರುವುದು, ಇದೆಲ್ಲ ಶುರು.

ಮಷೀನ್ ಪಕ್ಕದಲ್ಲಿ ನಾಲ್ಕೈದು ಬಟನ್ ಇರುವ ಪುಟ್ಟ ಡಬ್ಬಿ ಇಡಿ. ಟೂಲ್ ಬದಲಾವಣೆ, ಮಾಲು ಬಂದಿಲ್ಲ, ಇನ್‌ಸ್ಪೆಕ್ಷನ್‌ಗೆ ಕಾಯುತ್ತಿದ್ದೇನೆ, ರಿಪೇರಿ, ಊಟ. ನಿಂತ ಕೂಡಲೇ ಆಪರೇಟರ್ ಒಂದು ಒತ್ತಿದರೆ ಆಯಿತು. ಇದರಿಂದ ಆಪರೇಟರ್‌ಗೇ ಹೆಚ್ಚು ಲಾಭ. ‘ಸಾರ್, ನಾನು ಕೂತಿರ್ಲಿಲ್ಲ, ಮಾಲು ಬಂದಿರ್ಲಿಲ್ಲ’ ಅಂತ ತಿಂಗಳಾನುಗಟ್ಟಲೆ ಹೇಳಿದರೂ ನಂಬದವರು ಈ ಲೆಕ್ಕವನ್ನು ನಂಬುತ್ತಾರೆ. ತಪ್ಪು ಸ್ಟೋರ್ಸ್‌ನದ್ದೋ, ಇನ್‌ಸ್ಪೆಕ್ಷನ್‌ನದ್ದೋ, ಖರೀದಿ ನೋಡಿಕೊಳ್ಳುವ ಮಾಲೀಕರದ್ದೋ ಅನ್ನುವುದು ಆಚೆ ಬರುತ್ತದೆ. ಮಾಲೀಕರು ಇದಕ್ಕೆ ತಯಾರಾಗಿರಬೇಕು, ಅಷ್ಟೇ.

ಹೆಜ್ಜೆ 6: ಈಗ ಮೈಮೇಲೆ ತೊಡುವುದರ ಮಾತು

ಮೊದಲು ಒಂದು ‘ಬೇಡ’. ಲೇತ್, ಡ್ರಿಲ್ಲಿಂಗ್ ಮಷೀನಿನಂಥ ತಿರುಗುವ ಮಷೀನ್ ಮುಂದೆ ನಿಲ್ಲುವವರ ಕೈಗೆ ವಾಚು, ಬ್ಯಾಂಡು, ಉಂಗುರ ಯಾವುದೂ ಇರಬಾರದು. ಕುತ್ತಿಗೆಗೆ ದಾರವೂ ಬೇಡ. ತಿರುಗುವ ಸ್ಪಿಂಡಲ್‌ಗೆ (ಮಷೀನಿನ ದಂಡಕ್ಕೆ) ಸಿಕ್ಕಿಕೊಂಡರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಸುರಕ್ಷತೆಗೆ ಅಂತ ಕಟ್ಟಿದ ಬ್ಯಾಂಡೇ ಅಪಾಯ ತಂದರೆ ಹೇಗೆ?

ಎಲ್ಲಿ ಬೇಕು? ಸ್ಟೋರ್ಸ್‌ನಲ್ಲಿ ಎರಡೂ ಕೈ ಬಳಸಿ ಮಾಲು ಎತ್ತುವವರಿಗೆ ಕೈಗವಸಿಗೆ ಹೊಂದಿಕೊಂಡ ಬಾರ್‌ಕೋಡ್ ಸ್ಕ್ಯಾನರ್ ಅನುಕೂಲ. ರಾತ್ರಿ ಒಬ್ಬರೇ ಇರುವ ಕಡೆ ಬಿದ್ದರೆ ತಾನಾಗಿ ಕರೆ ಮಾಡುವ ಎಸ್‌ಒಎಸ್ ಸಾಧನ ಒಳ್ಳೆಯದು. ಎಲ್ಲಕ್ಕಿಂತ ಮುಖ್ಯ, ತ್ಯಾಜ್ಯ ನೀರಿನ ಘಟಕದ ಟ್ಯಾಂಕಿನ ಹತ್ತಿರ ಕೆಲಸ ಮಾಡುವವರ ಕಾಲರ್‌ಗೆ ಸಿಕ್ಕಿಸುವ ಗ್ಯಾಸ್ ಡಿಟೆಕ್ಟರ್. ಆಮ್ಲಜನಕ, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್, ಹೊತ್ತಿಕೊಳ್ಳುವ ಅನಿಲ, ಈ ನಾಲ್ಕನ್ನೂ ನೋಡುವಂಥದ್ದೇ ತೆಗೆದುಕೊಳ್ಳಿ. ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಪ್ರಮಾಣ ಹೆಚ್ಚಾದರೆ ಮೂಗೇ ಸತ್ತುಹೋಗಿ ವಾಸನೆ ಗೊತ್ತಾಗುವುದಿಲ್ಲ. ‘ವಾಸನೆ ಇಲ್ಲ, ಇಳಿಯೋಣ’ ಅನ್ನುವುದು ಅದಕ್ಕೇ ಜೀವಕ್ಕೆ ಕುತ್ತು. ಆಮ್ಲಜನಕ ಶೇ 19.5ಕ್ಕಿಂತ ಇಳಿದರೆ ಆಚೆ ಬರಬೇಕು. ಡಿಟೆಕ್ಟರ್ ಇದೆ ಅಂತ ಒಬ್ಬರನ್ನೇ ಇಳಿಸಬೇಡಿ. ದಿನಾ ಬಳಸುವ ಮುಂಚೆ ಪರೀಕ್ಷಾ ಗ್ಯಾಸ್ ತೋರಿಸಿ ಅದು ಕೂಗುತ್ತದಾ ನೋಡಿ. ಮ್ಯಾನ್‌ಹೋಲ್, ಸೆಪ್ಟಿಕ್ ಟ್ಯಾಂಕಿನ ಮಾತು ಬೇರೆ. ಅಲ್ಲಿಗೆ ಸ್ವಚ್ಛ ಮಾಡಲು ರಕ್ಷಣೆಯಿಲ್ಲದೆ ಜನರನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾನೂನಿನ ಪ್ರಕಾರ ಅಪರಾಧ.

ಇನ್ನು ಎದೆಬಡಿತ, ಹೆಜ್ಜೆ ಲೆಕ್ಕ, ದಿನವಿಡೀ ಎಲ್ಲಿದ್ದಾರೆ ಅನ್ನುವ ಮಾಹಿತಿ. ಸಣ್ಣ ಶೆಡ್ಡಿಗೆ ಇದರ ಅಗತ್ಯ ನನಗಂತೂ ಕಾಣುವುದಿಲ್ಲ. ಚಂಡೀಗಢ, ಪಂಚಕುಲಾ, ನಾಗ್ಪುರದಂಥ ಊರುಗಳಲ್ಲಿ ಪೌರಕಾರ್ಮಿಕರ ಕೈಗೆ ಜಿಪಿಎಸ್ ವಾಚ್ ಕಟ್ಟಿದರು. ಕೆಲಸಗಾರರು ಸಿಟ್ಟಾದರು. ಶೌಚಾಲಯಕ್ಕೆ ಹೋಗುವಾಗಲೂ ಯಾರೋ ನೋಡುತ್ತಿರುವ ಭಯ ಅಂತ ಮಹಿಳೆಯರು ಹೇಳಿಕೊಂಡರು. ಕೆಲಸ ಆಯಿತಾ ಅಂತ ತಿಳಿಯಲು ಬೀದಿ ನೋಡಿದರೆ ಸಾಕಿತ್ತು, ಕೈ ನೋಡಬೇಕಿರಲಿಲ್ಲ.

ಕೊಡಲೇಬೇಕು ಅಂದರೆ ಏನು ದಾಖಲಾಗುತ್ತದೆ, ಯಾರು ನೋಡುತ್ತಾರೆ, ಎಷ್ಟು ದಿನಕ್ಕೆ ಅಳಿಸುತ್ತೀರಿ ಅನ್ನುವುದನ್ನು ಕನ್ನಡದಲ್ಲಿ ಒಂದು ಪುಟ ಬರೆದು ಓದಿ ಹೇಳಿ. ಹಿಂದಿ, ಒಡಿಯಾ ಮಾತಾಡುವವರಿದ್ದರೆ ಅವರ ಭಾಷೆಯಲ್ಲೂ ಹೇಳಿಸಿ. ಟೀ, ಊಟದ ಹೊತ್ತಲ್ಲಿ ಆಫ್ ಇರಲಿ. ಅದರ ಅಂಕಿ ಹಿಡಿದು ಸಂಬಳ ಕಡಿಯುವುದಿಲ್ಲ ಅಂತ ಅದೇ ಪುಟದಲ್ಲಿ ಬರೆಯಿರಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಕೆಲಸಗಾರರ ಮಾಹಿತಿಗೂ ಅನ್ವಯಿಸುತ್ತದೆ. ಮಾಹಿತಿಯನ್ನು ಭದ್ರವಾಗಿ ಇಡದೆ ಸೋರಿಹೋದರೆ ಅದರಲ್ಲಿ ದಂಡ 250 ಕೋಟಿ ರೂಪಾಯಿವರೆಗೂ ಇದೆ.

ಹೆಜ್ಜೆ 7: ಸಹಿ ಹಾಕುವ ಮುಂಚೆ

ಮಾರುವವರನ್ನು ಹೀಗೆ ಕೇಳಿ. ತಿಂಗಳ ಚಂದಾ ಎಷ್ಟು, ಕಟ್ಟದಿದ್ದರೆ ಹಳೆಯ ಅಂಕಿಅಂಶ ನನಗೆ ಸಿಗುತ್ತದಾ? ಎಕ್ಸೆಲ್‌ಗೆ ಇಳಿಸಿಕೊಳ್ಳಬಹುದಾ? ಇಂಟರ್‌ನೆಟ್ ಹೋದಾಗಿನ ದಾಖಲೆ ಉಪಕರಣದಲ್ಲೇ ಉಳಿಯುತ್ತದಾ? ಬ್ಯಾಟರಿ ಬದಲಾಯಿಸುವವರು ಯಾರು? ಗ್ಯಾಸ್ ಡಿಟೆಕ್ಟರ್ ಆದರೆ ಒಳಗಿನ ಸೆನ್ಸರ್ ಎಷ್ಟು ವರ್ಷ ಬಾಳುತ್ತದೆ, ಕ್ಯಾಲಿಬ್ರೇಷನ್ (ಅಳತೆ ಸರಿಪಡಿಸುವುದು) ಎಲ್ಲಿ ಮಾಡಿಸಬೇಕು? ಉತ್ತರವನ್ನು ಬಾಯಿಮಾತಲ್ಲಿ ಬಿಡಬೇಡಿ, ಕೊಟೇಷನ್‌ನಲ್ಲೇ ಬರೆಸಿಕೊಳ್ಳಿ. ಎಂಟೂ ಮಷೀನಿಗೆ ಒಟ್ಟಿಗೆ ಹಾಕಿಸಿದರೆ ರಿಯಾಯಿತಿ ಕೊಡುತ್ತೇವೆ ಅಂತ ಖಂಡಿತ ಹೇಳುತ್ತಾರೆ. ಮೊದಲ ಮಷೀನಿನ ಮೂರು ತಿಂಗಳ ಲೆಕ್ಕ ಕೈಗೆ ಬರುವವರೆಗೆ ಎರಡನೆಯದಕ್ಕೆ ಅಡ್ವಾನ್ಸ್ ಕೊಡಬೇಡಿ.