ಹತ್ತು ಜನ ಒಟ್ಟಿಗೆ ದೊಡ್ಡ ಸಿಟಿಗೆ ಹೊರಟಿದ್ದೀರಾ? ಹಾಗಿದ್ರೆ ಇದನ್ನ ಓದಿ

ಮೊದಲು ಉಳ್ಕೊಳ್ಳೋ ಜಾಗದ ಲೆಕ್ಕ ಹಾಕಿ, ಬಜೆಟ್ ಕೈ ತಪ್ಪೋದು ಅಲ್ಲೇ. ಹೋಟೆಲಲ್ಲಿ ನಾಲ್ಕು ರೂಮ್ ತಗೊಳ್ಳೋ ಬದ್ಲು ಅಡುಗೆಮನೆ ಇರೋ ಒಂದು ಅಪಾರ್ಟ್‌ಮೆಂಟ್ ಹುಡುಕಿ, ಬೆಳಗ್ಗೆ ತಿಂಡಿ, ರಾತ್ರಿ ಊಟ ಅಲ್ಲೇ ಮುಗಿದ್ರೆ ಹೊರಗಡೆ ಒಂದೇ ಹೊತ್ತು ಊಟ ಮಾಡಿದ್ರೆ ಸಾಕಾಗುತ್ತೆ, ವಯಸ್ಸಾದವರಿಗೂ ಚಿಕ್ಕ ಮಕ್ಕಳಿಗೂ ಅದೇ ಆರಾಮ. ಬಾತ್‌ರೂಮ್ ಎಷ್ಟಿದೆ ಅಂತ ಕೇಳೋದು ಮರೀಬೇಡಿ, ಹತ್ತು ಜನಕ್ಕೆ ಒಂದೇ ಇದ್ರೆ ಎಲ್ಲರೂ ರೆಡಿಯಾಗೋ ಹೊತ್ತಿಗೆ ಮಧ್ಯಾಹ್ನ ಆಗಿರುತ್ತೆ. ಕ್ಲೀನಿಂಗ್ ಚಾರ್ಜ್, ಟ್ಯಾಕ್ಸ್ ಎಲ್ಲಾ ಸೇರಿಸಿ ತಲೆಗೆ ಎಷ್ಟು ಬೀಳುತ್ತೆ ನೋಡಿ ಆಮೇಲೆ ಬುಕ್ ಮಾಡಿ.

ಸಿಟಿ ಮಧ್ಯದಲ್ಲೇ ಇರಬೇಕು ಅಂತೇನಿಲ್ಲ, ಮೆಟ್ರೋ ಸ್ಟೇಷನ್ ಹತ್ರ ಇದ್ರೆ ಸಾಕು. ಡೇ ಪಾಸ್ ಕಣ್ಮುಚ್ಚಿ ತಗೋಬೇಡಿ, ದಿನಕ್ಕೆ ಎರಡೇ ಸಲ ಓಡಾಡೋದಾದ್ರೆ ಬಿಡಿ ಟಿಕೆಟ್ಟೇ ಕಮ್ಮಿ ಬೀಳಬಹುದು, ಮಕ್ಕಳಿಗೆ ಎಷ್ಟು ವಯಸ್ಸಿನ ತನಕ ಫ್ರೀ ಅಂತಾನೂ ನೋಡ್ಕೊಳ್ಳಿ.

ದಿನಕ್ಕೆ ದುಡ್ಡು ಕೊಟ್ಟು ನೋಡೋದು ಒಂದೇ ಜಾಗ ಇಟ್ಕೊಳ್ಳಿ, ಉಳಿದಿದ್ದು ಪಾರ್ಕು, ಮಾರ್ಕೆಟ್ಟು, ಫ್ರೀ ಮ್ಯೂಸಿಯಂ. ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಮ್ಯೂಸಿಯಂಗಳಿಗೆ ಎಂಟ್ರಿ ಫೀಸೇ ಇಲ್ಲ, ಎಷ್ಟೋ ಕಡೆ ವಾರಕ್ಕೋ ತಿಂಗಳಿಗೋ ಒಂದಿನ ಫ್ರೀ ಇರುತ್ತೆ. ಎಲ್ಲರೂ ಎಲ್ಲಾ ಕಡೆ ಬರಲೇಬೇಕು ಅಂತ ಹಠ ಬೇಡ, ಮಂಡಿನೋವು ಇರೋರು ಮಧ್ಯಾಹ್ನ ರೆಸ್ಟ್ ತಗೊಳ್ಳಲಿ, ಅವರ ಟಿಕೆಟ್ ದುಡ್ಡೂ ಉಳಿಯುತ್ತೆ.

ಇನ್ನೊಂದು ಮಾತು, ಮೆಟ್ರೋ ರೈಲು ಹತ್ತೋವಾಗ ಯಾರಾದ್ರೂ ಹಿಂದೆ ಉಳಿದುಬಿಟ್ರೆ ಅವರು ಅದೇ ಪ್ಲಾಟ್‌ಫಾರ್ಮಲ್ಲೇ ನಿಂತಿರಲಿ, ಮುಂದೆ ಹೋದವರಲ್ಲಿ ಒಬ್ರು ವಾಪಸ್ ಬಂದು ಕರ್ಕೊಂಡು ಹೋಗಿ, ಇದನ್ನ ಮಕ್ಕಳಿಗೆ ಹೊರಡೋ ಮುಂಚೆನೇ ಹೇಳಿಡಿ.